ಪೈಪಿನ ಹಿಂದಿನ ಆಳು

"ಲೋ ಬೋಳಿಮಗನೆ, ಕಕ್ಕಸ್ ಆಮೇಲ್ ತೊಳಿ. ಜೀಪ್ ಹತ್ತು!"

ಠಾಣಾಧಿಕಾರಿ ಚಕ್ರಪಾಣಿ ಬಾಗಿಲನ್ನು ಬೂಟಿನಿಂದ ಒದ್ದ. ಚಿಕ್ಕಹನುಮಯ್ಯ ಪೊರಕೆಯನ್ನು ಗೋಡೆಗೆ ಒರಗಿಸಿ, ತೊಳೆದದ್ದಾಯಿತು ಎನ್ನುವಂತೆ ಕೈಯನ್ನು ನೀರಿಗೆ ಅದ್ದಿ ಓಡಿಬಂದ.

ಆ ಅಗ್ನಿಶಾಮಕ ಠಾಣೆಯಲ್ಲಿ ಅವನು ಗುತ್ತಿಗೆಯ ಜಾಡಮಾಲಿ. ಬೆಂಕಿಗೂ ಅವನಿಗೂ ಸಂಬಂಧವಿಲ್ಲ. ಆದರೆ ಆಂಬುಲೆನ್ಸಿಗೆ ಕಾದು ಸೋತ ಜನ ಠಾಣೆಗೇ ಫೋನು ಮಾಡುವುದನ್ನು ರೂಢಿಸಿಕೊಂಡಿದ್ದರು. ಎದೆನೋವು, ಬಚ್ಚಲಲ್ಲಿ ಜಾರಿಬಿದ್ದ ಮುದುಕರು, ಲಿಫ್ಟಿಲ್ಲದ ಮಹಡಿಗಳು. ಕರೆಗಳು ಹೆಚ್ಚಿದವು, ಆಳು ಹೆಚ್ಚಲಿಲ್ಲ. ನಿವೃತ್ತರಾದವರ ಜಾಗಕ್ಕೂ ಯಾರೂ ಬರಲಿಲ್ಲ. ರೋಗಿಯನ್ನು ಎತ್ತುವ ಕೆಲಸ ಜಾಡಮಾಲಿಯ ಹೆಗಲಿಗೆ ಬಿತ್ತು.

"ಹೇಲು ಉಚ್ಚೆ ನಿನಗೇನ್ ಹೊಸ್ದಾ?" ಎನ್ನುತ್ತಿದ್ದ ಚಕ್ರಪಾಣಿ.

ಜೀಪು ಓಡಿಸಲು ಫೈರ್‌ಮನ್ ಬಸಪ್ಪ ಹತ್ತಿದ. ಇನ್ನೊಬ್ಬ ಫೈರ್‌ಮನ್ ಶ್ರೀಶೈಲ ಅಡ್ಡ ಬಂದ.

"ಸರ್, ಬಸಪ್ಪನೂ ಹೋದ್ರ ದೊಡ್ಡ ಗಾಡಿಗೆ ಡ್ರೈವರ್ ಬಿಟ್ರ ನಾ ಒಬ್ಬಾವ ಉಳಿತೀನ್ರಿ. ಬೆಂಕಿ ಕರೆ ಬಂದ್ರ ನನ್ ಹಿಂದ ಯಾರ್ ನಿಲ್ಲಬೇಕ್ರಿ?"

"ನಿನ್ ಹೆಂಡ್ತೀನ ನಿಲ್ಲಿಸ್ಕೋ!"

ನೀರು ನುಗ್ಗಿ ಬರುವಾಗ ಪೈಪು ಮನುಷ್ಯನನ್ನೇ ಎತ್ತಿ ಒಗೆಯುತ್ತದೆ. ಮುಂದಿನವನು ತುದಿ ಹಿಡಿದರೆ, ಹಿಂದಿನವನು ಅವನ ಬೆನ್ನಿಗೆ ಹೆಗಲೊತ್ತಿ ನಿಲ್ಲಲೇಬೇಕು. ಇದು ಚಕ್ರಪಾಣಿಗೂ ಗೊತ್ತಿತ್ತು.

ಶ್ರೀಶೈಲ ಜೀಪಿನ ಬಳಿ ಬಂದ. ತನ್ನ ಡಬ್ಬಿಯಿಂದ ಎರಡು ಜೋಳದ ರೊಟ್ಟಿ ಮಡಿಚಿ ಕಿಟಕಿಯಲ್ಲಿ ಚಿಕ್ಕಹನುಮಯ್ಯನ ಕೈಗೆ ತುರುಕಿದ. "ತಿನ್ಕೋತ ಹೋಗೋ ದೋಸ್ತ. ಮುಂಜಾನಿಂದ ಹೊಟ್ಟಿಗೆ ಏನೂ ಇಲ್ಲ ನಿನಗ." ಠಾಣೆಯಲ್ಲಿ ಚಿಕ್ಕಹನುಮಯ್ಯನ ತಟ್ಟೆಯಲ್ಲಿ ಕೈಯಿಟ್ಟು ಉಣ್ಣುತ್ತಿದ್ದವನು ಅವನೊಬ್ಬನೇ.

ವಿಜಯನಗರದ ಮನೆಯಲ್ಲಿ ಜಗದಾಂಬಾ ಎಂಬ ಮುದುಕಿ ಬಚ್ಚಲಲ್ಲಿ ಸೊಂಟ ಮುರಿದುಕೊಂಡು ಬಿದ್ದಿದ್ದರು. ಮಗ ಮೂಗಿಗೆ ಕರವಸ್ತ್ರ ಹಿಡಿದು ದೂರ ನಿಂತಿದ್ದ.

"ಏಯ್, ದೇವರ ಮನೆ ಕಡೆ ಹೋಗ್ಬೇಡ. ಹಿಂದ್ಗಡೆಯಿಂದ ಬಾ."

ಚಿಕ್ಕಹನುಮಯ್ಯ ಮುಖ ಆಚೆ ತಿರುಗಿಸಿ ಮುದುಕಿಗೆ ದುಪ್ಪಟಿ ಹೊದಿಸಿದ.

"ಮೈಯೆಲ್ಲ ಹೊಲಸಾಗಿದೆ ಕಣಪ್ಪಾ, ಮುಟ್ಟಬೇಡ."

"ನಮ್ಮವ್ವಂಗೂ ಹಿಂಗೇ ಆಗಿತ್ತು ಕಣಮ್ಮ. ಕುತ್ಗೆ ಗಟ್ಟಿಯಾಗಿ ಹಿಡ್ಕಳಿ."

ಇಕ್ಕಟ್ಟಾದ ಮೆಟ್ಟಿಲಲ್ಲಿ ಸ್ಟ್ರೆಚರ್ ತಿರುಗದೆ ಅವನು ತೋಳಲ್ಲೇ ಎತ್ತಿ ಇಳಿಸುವಾಗ ನೋವಿನಲ್ಲೇ ಆಕೆ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದರು. ಮಗ ಮೇಲಿನಿಂದ ಕೂಗಿದ: "ಅಮ್ಮಾ, ಅವನನ್ನ ಯಾಕಮ್ಮ ಮುಟ್ತೀಯ!"

ಆಸ್ಪತ್ರೆಯ ಬಾಗಿಲಲ್ಲಿ ಆಕೆಯನ್ನು ಇಳಿಸುತ್ತಿದ್ದಾಗ ಬಸಪ್ಪನ ಮೊಬೈಲು ಬಡಿದುಕೊಂಡಿತು. ನಾಯಂಡಹಳ್ಳಿಯ ಗೋದಾಮಿಗೆ ಬೆಂಕಿ. ದೊಡ್ಡ ಗಾಡಿಯಲ್ಲಿ ಡ್ರೈವರ್ ಮತ್ತು ಶ್ರೀಶೈಲ, ಇಬ್ಬರೇ ಹೋಗಿದ್ದರು. ಡ್ರೈವರ್ ಪಂಪು ಬಿಟ್ಟು ಕದಲುವಂತಿಲ್ಲ. ನೀರು ನುಗ್ಗಿದಾಗ ಪೈಪು ಶ್ರೀಶೈಲನನ್ನು ಎತ್ತಿ ಚರಂಡಿಯ ಕಲ್ಲಿಗೆ ಅಪ್ಪಳಿಸಿತ್ತು.

ಸಂಜೆಗೆ ಅವನು ಸತ್ತ.

ಮಣ್ಣು ಮಾಡಿ ಎರಡು ದಿನವಾಗಿತ್ತು. ಸಾವಿನ ವಿಚಾರಣೆಗೆ ಇಲಾಖೆಯ ಮೇಲಿನ ಸಾಹೇಬರು ಬರುವವರಿದ್ದರು. ಚಕ್ರಪಾಣಿ ಒಂದು ಹಳೆಯ ಖಾಕಿ ಜೊತೆಯನ್ನು ಚಿಕ್ಕಹನುಮಯ್ಯನ ಮುಖಕ್ಕೆ ಎಸೆದ. ಅವನಿಗೆ ಖಾಕಿ ತೊಡಿಸುವುದೇನೂ ಹೊಸದಲ್ಲ. ಪ್ರತಿ ತಪಾಸಣೆಗೂ ಅವನನ್ನೂ ಅಡುಗೆಯವನನ್ನೂ ಸಾಲಿನಲ್ಲಿ ನಿಲ್ಲಿಸಿ ತಲೆಗಳ ಲೆಕ್ಕ ತುಂಬಿಸುತ್ತಿದ್ದರು. ಸಾಹೇಬರ ಕಾರು ಬಂದರೆ ಖಾಕಿ, ಹೋದರೆ ಪೊರಕೆ.

"ಇವತ್ತು ಬಾಯಿ ಬಿಡ್ಬೇಕು ನೀನು. ಶ್ರೀಶೈಲನ ಹಿಂದೆ ನಿಂತಿದ್ದೋನು ನೀನೇ. ಅವನು ಕುಡಿದು ಜಾರಿದ, ನೀನು ಹಿಡಿಯೋಕ್ ಹೋದೆ. ಅಷ್ಟೇ."

"ಆಯಪ್ಪ ಕುಡೀತಿರ್ಲಿಲ್ಲ ಸಾರ್."

"ಕೆಲಸ ಬೇಕೋ ಬೇಡ್ವೋ?"

ಕೆಂಗೇರಿಯ ಒಂದು ಕೋಣೆಯ ಮನೆ ಕಣ್ಣ ಮುಂದೆ ಬಂತು, ಕಾಲೇಜು ಸೇರಿದ ಮಗಳು ದಿವ್ಯ ಬಂದಳು. ಚಿಕ್ಕಹನುಮಯ್ಯ ಗುಂಡಿ ಹಾಕಿಕೊಂಡ.

ಗೇಟಿನ ಬಳಿ ಶ್ರೀಶೈಲನ ಹೆಂಡತಿ ಉಮಾಶ್ರೀ ಗಂಡನ ಟ್ರಂಕು ಒಯ್ಯಲು ಬಂದು ನಿಂತಿದ್ದಳು. ಒಳಗೆ ಬಾ ಎನ್ನುವವರಿರಲಿಲ್ಲ. ಬಸಪ್ಪ ಮಾತ್ರ ಒಂದು ಕುರ್ಚಿ ತಂದಿಟ್ಟು ಬಂದಿದ್ದ. ಅವಳು ಕೂತಿರಲಿಲ್ಲ.

ಮೇಲಿನ ಸಾಹೇಬರು ಸಾಲಿನ ಮುಂದೆ ನಡೆದು ಬಂದರು. "ಹಿಂದೆ ಇದ್ದೋನು ಯಾರು?"

"ಇವನೇ ಸಾರ್," ಎಂದ ಚಕ್ರಪಾಣಿ.

"ಏನಯ್ಯಾ, ಸತ್ತೋನು ಕುಡಿದಿದ್ನಾ?"

ಉಮಾಶ್ರೀ ತಲೆ ಎತ್ತಿದಳು.

"ಹಿಂದೆ ಯಾರೂ ಇರ್ಲಿಲ್ಲ ಸಾರ್," ಎಂದ ಚಿಕ್ಕಹನುಮಯ್ಯ. ಮೊದಲ ಮಾತು ಹೊರಬಿದ್ದ ಮೇಲೆ ಉಳಿದವು ತಾವೇ ಬಂದವು. "ನಾನು ಫೈರ್‌ಮನ್ ಅಲ್ಲ. ಕಕ್ಕಸ್ ತೊಳಿಯೋನು. ಅವತ್ತು ವಿಜಯನಗರದಾಗೆ ಒಂದಮ್ಮನ್ನ ಎತ್ಕಂಡಿದ್ದೆ. ಬಸಪ್ಪಣ್ಣನೂ ಅಲ್ಲೇ ಇದ್ರು. ಶ್ರೀಶೈಲ ಒಬ್ನೇ ಪೈಪ್ ಹಿಡಿದ. ಬಸಪ್ಪಣ್ಣನ್ನ ಕಳಿಸ್ಬೇಡಿ ಅಂತ ಮೊದ್ಲೇ ಹೇಳಿದ್ದ. ಒಂದು ತೊಟ್ಟೂ ಕುಡ್ದಿರ್ಲಿಲ್ಲ."

ಖಾಕಿ ಅಂಗಿ ಬಿಚ್ಚಿ ನೆಲಕ್ಕೆ ಹಾಕಿದ. ಸಾಹೇಬರು ಚಕ್ರಪಾಣಿಯನ್ನು ಒಮ್ಮೆ ನೋಡಿದರು. ಆಮೇಲೆ ಬನಿಯನ್ನಿನಲ್ಲಿ ನಿಂತವನ ಮೇಲೆಯೇ ಎಗರಿದರು.

"ಸರ್ಕಾರಿ ಯೂನಿಫಾರ್ಮ್ ಹಾಕ್ಕೊಂಡು ಮೋಸ ಮಾಡ್ತೀಯೇನೋ ಸೂಳೆಮಗನೆ? ಇವನನ್ನ ಪೊಲೀಸ್‌ಗೆ ಕೊಡ್ರೀ!"

ಒಳಗೆ ಫೋನು ಹೊಡೆದುಕೊಂಡಿತು. ಬಸಪ್ಪ ಓಡಿಹೋಗಿ ಎತ್ತಿ, ಬಾಗಿಲಿಗೆ ಬಂದು ಹೇಳಿದ: "ನಾಗರಬಾವಿ. ಎದಿನೋವಂತ. ಮ್ಯಾಲಿನ ಮಹಡಿ ಅಂತ್ರಿ." ಒಂದು ಕ್ಷಣ ನಿಂತು ಸೇರಿಸಿದ: "ನಾ ಮಾತ್ರ ದೊಡ್ಡ ಗಾಡಿ ಬಿಟ್ಟು ಕದಲೂದಿಲ್ರಿ. ಇನ್ನೊಂದ್ ಹೆಣ ನೋಡಾಕ ನನ್ ಕಡೆ ಆಗೂದಿಲ್ಲ."

ಚಕ್ರಪಾಣಿಯ ಬಾಯಿಂದ ಅಭ್ಯಾಸಬಲದಲ್ಲೇ ಬಂತು: "ಲೋ, ಹತ್ತೋ ಜೀಪು!"

ಚಿಕ್ಕಹನುಮಯ್ಯ ಹೋಗಿ ಜೀಪಿನಿಂದ ಸ್ಟ್ರೆಚರ್ ಎಳೆದು ತಂದ. ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಸಾಹೇಬರ ಮುಂದೆ ಚಾಚಿದ.

"ನಾನ್ ಬರ್ತೀನಿ ಸಾರ್. ಅಲ್ಲಿ ಜೀವ ಹೋಗ್ತಾ ಐತೆ. ಆದ್ರೆ ಜೀಪ್ ಓಡ್ಸೋಕೂ ಇದನ್ನ ಹಿಡಿಯೋಕೂ ಇನ್ನೊಬ್ರು ಬೇಕು. ಆಳಿಲ್ಲ. ನೀವ್ ಹಿಡೀರಿ."

ಸಾಹೇಬರು ಸ್ಟ್ರೆಚರಿನ ಕಲೆಗಳನ್ನು ನೋಡಿದರು, ತಮ್ಮ ಕಾರನ್ನು ನೋಡಿದರು. ಚಕ್ರಪಾಣಿ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ಹಿಡಿಯೋ ಭಾಡ್ಯಾ!" ಗೇಟಿನಿಂದ ಉಮಾಶ್ರೀ ಕಿರುಚಿದಳು.

ಚಿಕ್ಕಹನುಮಯ್ಯ ಒಂದು ಹೆಜ್ಜೆ ಮುಂದೆ ಬಂದ. ಸ್ಟ್ರೆಚರಿನ ಹಿಡಿಕೆ ಸಾಹೇಬರ ಹೊಟ್ಟೆಗೆ ಒತ್ತಿತು.