ಹಸಿರು ಪರದೆ

ಟ್ರಸ್ಟಿನ ಆಸ್ಪತ್ರೆಯಲ್ಲಿ ಡಾಕ್ಟರು ರೋಗಿಗಳನ್ನು ನೋಡುವ ಮಂಚ ಬೆಂಚಿನ ಎದುರಿಗೇ ಇತ್ತು. ಅಲ್ಲಿ ಆಡಿದ್ದೆಲ್ಲ ಕಾದು ಕೂತವರಿಗೆ ಕೇಳುತ್ತಿತ್ತು. ಮುಟ್ಟು ಶುರುವಾಗಿ ತಿಂಗಳಾದರೂ ರಕ್ತ ಹೋಗುವುದು ನಿಲ್ಲದಿದ್ದದ್ದನ್ನು ರೇವತಿ ಅದಕ್ಕೇ ಹೇಳಿರಲಿಲ್ಲ.

ಗುಣಮಟ್ಟ ನೋಡುವ ತಂಡ ಬಂದ ದಿನ ಮಂಚದ ಸುತ್ತ ಹಸಿರು ಪರದೆ ಇಳಿಬಿದ್ದಿತ್ತು. ಅದನ್ನು ಕಂಡು ಅವಳಿಗೆ ಧೈರ್ಯ ಬಂತು.

“ಇವತ್ತು ಇನ್‌ಸ್ಪೆಕ್ಷನ್ ಗಲಾಟೆ ಮಾರಾಯ್ತಿ, ಗುರುವಾರ ಬಾ,” ಎಂದರು ನರ್ಸ್ ರಜನಿ.

ಕಾಫಿ ಕೊಯ್ಯುತ್ತಲೇ ರೇವತಿ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು. ಗುರುವಾರ ಅರ್ಧ ದಿನ ರಜೆ ಹಾಕಿ ಬಂದರೆ ಮಂಚ ಮತ್ತೆ ಬಟಾಬಯಲು.

“ಪರದೆ ಎಲ್ಲಿ ರಜನಕ್ಕ?”

“ಕೊಟ್ಟಿಗೆಹಾರದ ನಮ್ಮ ಬ್ರಾಂಚಿಗೆ ಹೋಯ್ತು. ನಾಳೆ ಅಲ್ಲಿ ಇನ್‌ಸ್ಪೆಕ್ಷನ್. ನಮ್ದು ಪಾಸಾಯ್ತಲ್ಲ!”

ಬೆಂಚಿನಲ್ಲಿ ಅವಳು ಕೆಲಸ ಮಾಡುವ ಎಸ್ಟೇಟಿನ ಮೇಸ್ತ್ರಿ ಲಕ್ಕಯ್ಯ ಕೂತಿದ್ದ.

“ಏನಮ್ಮ ತೊಂದರೆ?” ಡಾಕ್ಟರು ಗಟ್ಟಿಯಾಗಿ ಕೇಳಿದರು.

ರೇವತಿ ಲಕ್ಕಯ್ಯನ ಕಡೆ ನೋಡಿದಳು. “ತಲೆನೋವು,” ಎಂದಳು.

“ತಲೆನೋವಿಗೂ ಅರ್ಧ ದಿನ ರಜೆಯಾ?” ಲಕ್ಕಯ್ಯ ನಕ್ಕ.

ಡಾಕ್ಟರು ಮಾತ್ರೆ ಕೊಟ್ಟರು. ರೇವತಿ ಸೆರಗನ್ನು ಸೊಂಟದ ಹಿಂದಕ್ಕೆ ಎಳೆದು ಸೀರೆಯ ಕಲೆಯನ್ನು ಮರೆಮಾಡಿಕೊಂಡು ಎಲ್ಲರ ಮುಂದೆ ಹೊರಗೆ ನಡೆದಳು.