ಒದ್ದೆ ಹೊಸ್ತಿಲು

ಪಕ್ಕದ ಮನೆಯ ಜ್ಯೋತಿಯ ಹೊಸ್ತಿಲು ಇವತ್ತೂ ಒದ್ದೆಯಾಗಿತ್ತು. ಮೇಲೆ ರಂಗೋಲಿ ಬೇರೆ.

ಮುಂಬೈ ಕಡೆಯ ಶಹಾಡ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ರೊಟ್ಟಿ ಖಾನಾವಳಿ ನಡೆಸುವ ಕಾಂಚನಾಳಿಗೆ ಅಷ್ಟು ಸಾಕ್ಷಿ ಸಾಕಾಗಿತ್ತು. ಮಳೆ ಕೈಕೊಟ್ಟ ವರ್ಷ. ನಳ ಬರುವುದು ದಿನ ಬಿಟ್ಟು ದಿನ, ಅದೂ ನೂಲಿನಂತೆ. ಹಿಂದಿನ ಓಣಿಯಲ್ಲಿಟ್ಟ ಡ್ರಮ್ಮು ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ತಳ ಕಾಣುತ್ತಿತ್ತು. ಸಂಜೆಗೆ ಟ್ಯಾಂಕರಿನವನನ್ನು ಕರೆಸಿದರೆ ದಿನದ ಲಾಭವೆಲ್ಲ ಅವನ ಪಾಲು. ಹೀಗೇ ನಡೆದರೆ ಒಲೆ ಆರಿಸುವುದೊಂದೇ ದಾರಿ. ಅಂಥದ್ದರಲ್ಲಿ ಇವಳಿಗೆ ಹೊಸ್ತಿಲು ತೊಳೆಯುವ ಸಿರಿ ಎಲ್ಲಿಂದ ಬಂತು?

"ನಿನ್ನ ಹೊಸ್ತಿಲಕ್ಕ ಭಾರಿ ನೀರಡಿಕಿ ನೋಡವ್ವಾ."

"ಕದ್ದೀ ಏನು ಅಂತ ನೆಟ್ಟಗ ಕೇಳ್ರಿ ವೈನಿ."

ಜ್ಯೋತಿ ಅವಳ ಕೈ ಹಿಡಿದು ಕಟ್ಟಡದ ಮೂಲೆಗೆ ಎಳೆದೊಯ್ದಳು. ಮಹಡಿಯ ಹಲ್ಲಿನ ದವಾಖಾನೆಯ ಎಸಿ ಪೈಪಿನ ಕೆಳಗೆ ಬಕೀಟು. ಟಪ್, ಟಪ್.

"ಕುಡಿಯಾಕ ಬರಂಗಿಲ್ಲ. ಹೊಸ್ತಿಲಕ್ಕ ಸಾಕು."

ಕಾಂಚನಾ ಬೆರಳು ಅದ್ದಿ ಮೂಸಿದಳು. ಧೂಳಿನ ವಾಸನೆ. ಆದರೂ ನಂಬಿಕೆ ಬರಲಿಲ್ಲ. ಮಧ್ಯಾಹ್ನ ಹಿತ್ತಿಲ ಬಾಗಿಲ ಸಂದಿಯಿಂದ ಡ್ರಮ್ಮನ್ನೇ ಕಾಯುತ್ತ ಕುಳಿತಳು.

ಜ್ಯೋತಿ ಬರಲಿಲ್ಲ. ಗೋದಾಮಿನಲ್ಲಿ ಲೋಡಿಂಗ್ ಮಾಡುವ ಅಂಬರೀಶ ಬಂದ. ಉಂಡ ಕೈ ತೊಳೆದು, ದೊಡ್ಡ ಬಾಟಲಿ ಮುಳುಗಿಸಿದ. ಅವನ ಹಿಂದೆ ಕ್ಯಾನ್ ಹಿಡಿದವರ ಸಾಲು.

"ಏನೋ ಇದು?"

"ರೂಮಿನ್ಯಾಗ ಹನಿ ನೀರಿಲ್ರೀ ಅಕ್ಕಾ. ಉಂಡವ್ರು ತುಂಬ್ಕೊಂಡು ಹೋಗ್ರಿ ಅಂತ ನೀವಽ ಹೇಳಿದ್ರಲ್ಲ?"

ಹೇಳಿದ್ದು ನಿಜ. ಖಾನಾವಳಿ ತೆರೆದ ದಿನದಿಂದ ಹೇಳುತ್ತಲೇ ಬಂದಿದ್ದಳು. ಉಂಡವರಿಗೆ ನೀರು ಇಲ್ಲ ಅನ್ನುವ ರೂಢಿ ಅವಳ ಊರ ಕಡೆ ಇರಲಿಲ್ಲ. ಈಗ ಇಲ್ಲ ಅಂದರೆ ಇವರೆಲ್ಲ ನಾಳೆಯಿಂದ ವಡಾಪಾವಿನ ಗಾಡಿಗೆ. ಅನ್ನದಿದ್ದರೆ ಡ್ರಮ್ಮು ಖಾಲಿ.

ಮರುದಿನ ಡ್ರಮ್ಮಿಗೆ ಬೀಗ ಬಿತ್ತು.

"ನಮ್ಮ ಮ್ಯಾಲೆ ಡೌಟೇನ್ರೀ ಅಕ್ಕಾ?" ಎಂದ ಅಂಬರೀಶ, ಖಾಲಿ ಬಾಟಲಿ ಅಲ್ಲಾಡಿಸುತ್ತ.

"ಛೀ, ನಿಮ್ಮ ಮ್ಯಾಲ್ಯಾಕಪ್ಪಾ." ಕಾಂಚನಾ ಪಕ್ಕದ ಬಾಗಿಲ ಕಡೆ ಗದ್ದ ಎತ್ತಿದಳು. "ಬಾಜೂದಾಕಿ. ರಂಗೋಲಿ ನೋಡು, ಹೆಂಗ ತೊಳದು ಹಾಕ್ಯಾಳ."

ಗಂಡಸರೆಲ್ಲ ತಿರುಗಿದರು. ಬಾಗಿಲಲ್ಲಿ ಬಕೀಟು ಹಿಡಿದು ನಿಂತಿದ್ದ ಜ್ಯೋತಿಗೆ ಎಲ್ಲ ಕೇಳಿಸಿತ್ತು. ಅವಳು ನಾಲ್ಕು ಹೆಜ್ಜೆ ನಡೆದು ಬಂದು ಬಕೀಟನ್ನು ಕಾಂಚನಾಳ ಹೊಸ್ತಿಲ ಮೇಲೆ ನಿಧಾನವಾಗಿ ಬರಿದು ಮಾಡಿ, ಒಳಗೆ ಹೋಗಿ ಕದ ಹಾಕಿಕೊಂಡಳು.

ಅಂಬರೀಶ ಬೀಗವನ್ನೊಮ್ಮೆ ನೋಡಿದ. ಆಮೇಲೆ ಕಾಂಚನಾಳ ಒದ್ದೆ ಹೊಸ್ತಿಲನ್ನೇ ನೋಡುತ್ತ ನಿಂತ.