ಎರಡನೇ ಹೆಬ್ಬಾವು

"ಹೆಬ್ಬಾವಂತೆ ಹೆಬ್ಬಾವು! ಹಲ್ಲಿ ಕಂಡ್ರೆ ಕುರ್ಚಿ ಹತ್ತೋಳು," ಎಂದು ಗಂಡ ಬಾಗಿಲವರೆಗೂ ಬಂದು ರೇಗಿಸಿದ. ಕನ್ನಡಕದಂಗಡಿ ನಡೆಸುವ ಆಕೆ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಭಾನುವಾರ ಮಧ್ಯಾಹ್ನ ಅಂಗಡಿಗೆ ಬೀಗ ಜಡಿದು, ಇದ್ದುದರಲ್ಲೇ ಒಳ್ಳೆಯ ಚಪ್ಪಲಿ ಮೆಟ್ಟಿ, ಹಳೆಯ ಹ್ಯಾಕರುಗಳ ಕೂಟಕ್ಕೆ ಹೊರಟೇಬಿಟ್ಟಳು.

ಹ್ಯಾಕರುಗಳೆಂದರೆ ಯಾರೂ ಗಾಬರಿಬೀಳಬೇಕಾಗಿಲ್ಲ. ಇಂಟರ್‌ನೆಟ್ಟು ಇನ್ನೂ ಫೋನಿನ ತಂತಿಯಲ್ಲಿ ಕಿರಿಚಾಡಿಕೊಂಡು ಬರುತ್ತಿದ್ದ ಕಾಲದಲ್ಲಿ, ಒಂದು ಚಾಟ್ ರೂಮಿನಲ್ಲಿ ಸೇರುತ್ತಿದ್ದ ಎಳಸು ಮಂದಿ ಅವರು. ತಾವೇ ಇಟ್ಟುಕೊಂಡ ಹೆಸರುಗಳೋ, ಒಬ್ಬ ಕಾಲಭೈರವ, ಇನ್ನೊಬ್ಬ ಅಣುಬಾಂಬು. ಮುಖ ಮಾತ್ರ ಯಾರದೂ ಯಾರಿಗೂ ಗೊತ್ತಿಲ್ಲ. ಅವರ ಬ್ರಹ್ಮಾಸ್ತ್ರವೆಂದರೆ ಒಂದು ಪುಕ್ಕಟೆ ಪ್ರೋಗ್ರಾಮು. ಅದಕ್ಕೆ ಎರಡು ತುಂಡು. ಒಂದನ್ನು ಫೋಟೋ ಎಂದು ನಂಬಿಸಿ ಯಾರಿಗಾದರೂ ಕಳಿಸಬೇಕು. ಅವರು ಅದನ್ನು ಒತ್ತಿದರೆ, ಇನ್ನೊಂದು ತುಂಡಿನಿಂದ ನಾವು ಕೂತಲ್ಲೇ ಅವರ ಕಂಪ್ಯೂಟರನ್ನು ಕುಣಿಸಬಹುದು. ಕುಣಿಸುವುದೆಂದರೆ ಏನು ಮಹಾ? ಸಿ.ಡಿ. ಇಡುವ ತಟ್ಟೆಯನ್ನು ಹೊರಗೆ ತಳ್ಳುವುದು, ಒಳಗೆ ಎಳೆಯುವುದು. ಅಷ್ಟಕ್ಕೇ ಲೋಕ ಗೆದ್ದವರಂತೆ ಬೀಗುತ್ತಿದ್ದರು. ಆಕೆಯೂ ಬೀಗಿದ್ದಳು. ಮನೆಯಲ್ಲಿ ಯಾರೂ ಲೆಕ್ಕಕ್ಕಿಡದ ಕಿರಿಮಗಳು ಅಲ್ಲಿ ಮಾತ್ರ ಹೆಬ್ಬಾವು. ಒಂದೇ ಒಂದು ಸಲ ಯಾರಾದರೂ ಎದುರಿಗೆ ನಿಂತು ತನ್ನನ್ನು ಆ ಹೆಸರಿನಿಂದ ಕರೆಯಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು.

ಹೋಟೆಲಿನ ಮಹಡಿ ಕೋಣೆಗೆ ಕಾಲಿಟ್ಟರೆ, ಹೆಬ್ಬಾವು ಎಂದು ಬರೆದ ಬಿಲ್ಲೆ ಆಗಲೇ ಒಬ್ಬ ದಢೂತಿ ಬೇಕರಿಯವನ ಎದೆಯ ಮೇಲೆ ಕೂತಿತ್ತು! ಅವನು ಯಾವುದೋ ಬ್ಯಾಂಕಿನ ಕಂಪ್ಯೂಟರಿಗೆ ನುಗ್ಗಿದ ಕಥೆಯನ್ನು ರೆಕ್ಕೆಪುಕ್ಕ ಕಟ್ಟಿ ಹೇಳುತ್ತಿದ್ದ. ಆಕೆಗೆ ಮೈಯೆಲ್ಲ ಉರಿದುಹೋಯಿತು.

"ರೀ, ಅದು ನನ್ನ ಹೆಸರು!"

ಕೋಣೆ ಗೊಳ್ಳೆಂದಿತು. ಈಗ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡಿರುವ ಕಾಲಭೈರವ ಕೈಯೆತ್ತಿ ನಗು ನಿಲ್ಲಿಸಿದ. "ಅಮ್ಮಾ, ಈ ಹೆಬ್ಬಾವಿನ ಜೊತೆ ನಾವು ವರ್ಷಗಟ್ಟಲೆ ಹರಟೆ ಹೊಡೆದಿದೀವಿ. ನೀವೇ ಅನ್ನೋಕೆ ಏನಾದ್ರೂ ಗುರುತು ಇದ್ಯಾ?"

ಬ್ಯಾಂಕು ಗೀಂಕು ಅವಳ ಬಳಿ ಎಲ್ಲಿಂದ ಬರಬೇಕು? ಇದ್ದದ್ದನ್ನೇ ಹೇಳಿದಳು. "ಮೊದಲ್ನೇ ದಿನ, ಬೇರೆಯವರಿಗೆ ಕಳಿಸೋ ತುಂಡನ್ನ ನಾನೇ ಒತ್ತಿಬಿಟ್ಟೆ. ಕೈಯಾರೆ ನನ್ನ ಕಂಪ್ಯೂಟರ್ ಬಾಗಿಲನ್ನ ಊರಿಗೆಲ್ಲ ತೆರೆದಿಟ್ಟೆ."

ಯಾರೂ ನಗಲಿಲ್ಲ. ಅಣುಬಾಂಬು ಕೆಮ್ಮಿ, "ನಾನೂ ಒತ್ತಿದ್ದೆ," ಎಂದ. ಅವನ ಪಕ್ಕದವನೂ ಒತ್ತಿದ್ದನಂತೆ. ಕೊನೆಗೆ ಕಾಲಭೈರವನೇ ತಲೆ ಕೆರೆದುಕೊಂಡು, "ಎರಡು ಸಲ," ಎಂದ. ಇಷ್ಟು ವರ್ಷ ಕಾಪಾಡಿಕೊಂಡ ಮಾನ ಎಲ್ಲರದೂ ಒಟ್ಟಿಗೇ ಹರಾಜಾಯಿತೇ ಹೊರತು, ಆಕೆಯ ಹೆಸರಂತೂ ಕೈಗೆ ಬರಲಿಲ್ಲ.

ಆಕೆ ಬಾಗಿಲ ಕಡೆ ತಿರುಗಿದಳು. "ಇನ್ನೇನೂ ಇಲ್ಲ ನನ್ನ ಹತ್ರ. ಜೀವಮಾನದಲ್ಲಿ ನಾನು ತೆಗೆಸಿದ್ದು ಒಂದೇ ತಟ್ಟೆ. 'ಹೆಬ್ಬಾವು ಬಂದಿದೆ, ಎಚ್ಚರ!' ಅಂತ ಆ ಕಡೆಯ ಪರದೆ ಮೇಲೆ ಮೂಡಿಸಿ ತಟ್ಟೆ ತೆಗೆದೆ, ಸ್ವಲ್ಪ ಹೊತ್ತು ಬಿಟ್ಟು ಮುಚ್ಚಿದೆ. ಅಷ್ಟರಲ್ಲಿ ಆ ಪುಣ್ಯಾತ್ಮ ಅದರ ಮೇಲೆ ಟೀ ಕಪ್ಪು ಇಟ್ಟಿದ್ದನಂತೆ! ಕೀಬೋರ್ಡ್ ಮೇಲೆಲ್ಲ ಚೆಲ್ಲಿತು ಅಂತ ಅದೇ ಪರದೆಯಿಂದ ಉತ್ತರ ಬರೆದ. ಬೈಯ್ಲೂ ಇಲ್ಲ. ನನಗೇ ನಾಚಿಕೆಯಾಗಿ ಮತ್ತೆ ಆ ರೂಮಿನ ಕಡೆ ತಲೆ ಹಾಕ್ಲಿಲ್ಲ."

ಬೇಕರಿಯವನ ಮುಖ ಕೆಂಪೇರಿತು.

"'ಪರವಾಗಿಲ್ಲ, ಇನ್ನೊಂದ್ಸಲ ತೆಗೀರಿ. ಈ ಸಲ ಕಪ್ಪು ಕೈಯಲ್ಲೇ ಹಿಡ್ಕೊಂಡಿರ್ತೀನಿ' ಅಂತಾನೂ ಬರೆದಿದ್ದೆ," ಎಂದ ಮೆಲ್ಲಗೆ.

ಆ ಮಾತನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

"ನೀವಾ?"

"ನಾನೇ. ಹೆಬ್ಬಾವು ಅನ್ನೋರು ಎಲ್ಲಿರ್ತಾರೆ ಅಂತ ಅವರಿವರನ್ನ ಕೇಳಿ, ಹುಡುಕ್ಕೊಂಡೇ ಆ ರೂಮಿಗೆ ಬಂದೆ. ನೀವಿರ್ಲಿಲ್ಲ. ನಿಮ್ಮ ಹೆಸರಲ್ಲಿ ಕೂತ್ರೆ ಜಗಳಕ್ಕಾದ್ರೂ ಬರ್ತೀರಿ ಅಂದ್ಕೊಂಡೆ. ಬರ್ಲಿಲ್ಲ. ಇವರೆಲ್ಲ ನನ್ನನ್ನೇ ಹೆಬ್ಬಾವು ಅಂತ ತಿಳ್ಕೊಂಡ್ರು. ಹೆಸರಿಗೆ ತಕ್ಕ ಹಾಗೆ ನಾಲ್ಕು ಸುಳ್ಳೂ ಬಿಡ್ಬೇಕಾಯ್ತು."

"ಹಾಗಾದ್ರೆ ಆ ಬ್ಯಾಂಕು?" ಎಂದು ಕಾಲಭೈರವ ಹುಬ್ಬೇರಿಸಿದ.

"ಅಲ್ಲಿ ನನ್ನ ಖಾತೆ ಇದೆ ಅಷ್ಟೇ."

ಬೇಕರಿಯವನು ಬಿಲ್ಲೆ ಬಿಚ್ಚಿ ಅವಳ ಅಂಗೈಗೆ ಇಟ್ಟ. ಆಕೆ ಅದನ್ನು ಚುಚ್ಚಿಕೊಂಡು, ನೆಟ್ಟಗಿದೆಯೇ ಎಂದು ಎರಡೆರಡು ಸಲ ಬಗ್ಗಿ ನೋಡಿಕೊಂಡಳು. "ಹೆಬ್ಬಾವೇ, ಬಾರಮ್ಮ, ಕೂತ್ಕೋ," ಎಂದು ಕಾಲಭೈರವ ಕುರ್ಚಿ ಎಳೆದ.

ಎದುರಿಗೆ ಕೂತ ಬೇಕರಿಯವನು ಮೇಜಿನ ಮೇಲಿದ್ದ ತನ್ನ ಟೀ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡ.

"ಹೂಂ," ಎಂದ, "ಈಗ ತೆಗೀರಿ."